ಸ್ವೈಪಿಂಗ್ ಮಷೀನ್ ಕೈಕೊಟ್ಟಾಗ ಗಲ್ಲಾದಲ್ಲಿ ಕೂತವರು ಮೊದಲು ಏನು ಮಾಡಬೇಕು?

ಗಲ್ಲಾ_560004

ಕೂತು ಊಟ ಮಾಡುವ ಹೋಟೆಲ್, ಬಸವನಗುಡಿ, 60 ಸೀಟು. ಒಂದು ಸ್ವೈಪಿಂಗ್ ಮಷೀನ್, ಅದರಲ್ಲಿ ವೈಫೈ ಮತ್ತು ಸಿಮ್ ಎರಡೂ ಇದೆ. ಒಂದು ಕ್ಯೂಆರ್, ಅದಕ್ಕೊಂದು ಸೌಂಡ್‌ಬಾಕ್ಸ್. ಶನಿವಾರ ರಾತ್ರಿ ಎಂಟೂವರೆಗೆ ಎಲ್ಲ ಟೇಬಲ್ ತುಂಬಿರುವಾಗ ಮಷೀನ್ ನಿಂತರೆ ಏನು ಮಾಡಬೇಕು ಅಂತ ಒಂದು ಹಾಳೆ ಬರೆದು ಗಲ್ಲಾ ಪಕ್ಕ ಅಂಟಿಸಬೇಕು. "ಬ್ಯಾಂಕಿಗೆ ಫೋನ್ ಮಾಡಿ" ಅನ್ನೋದು ಎಲ್ಲರಿಗೂ ಗೊತ್ತು. ಅವರು ಫೋನ್ ಎತ್ತುವಷ್ಟರಲ್ಲಿ ನಾಲ್ಕು ಟೇಬಲ್‌ನವರು ಕೈ ತೊಳೆದು ಬಂದು ನಿಂತಿರ್ತಾರೆ. ಅಲ್ಲಿಯವರೆಗಿನ ಕೆಲಸ ಹೇಳಿ.

ಮಷೀನ್_ಸರ್ವಿಸ್

ಹಾಳೆಯ ಮೊದಲ ಸಾಲು ದಪ್ಪಕ್ಷರದಲ್ಲಿ ಬರೆಯಿರಿ: ಮೊದಲ ಸಲ ಏನಾಯ್ತು ಅಂತ ಗೊತ್ತಾಗದೆ ಎರಡನೇ ಸಲ ಕಾರ್ಡ್ ಹಾಕಬಾರದು.

ಮಷೀನ್ ಕೇಳಿದ ಮೊತ್ತ ಮೊದಲು ನಿಮ್ಮ ಬ್ಯಾಂಕಿಗೆ ಹೋಗುತ್ತೆ, ಅಲ್ಲಿಂದ ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲಕ್ಕೆ, ಅಲ್ಲಿಂದ ಗಿರಾಕಿಯ ಬ್ಯಾಂಕಿಗೆ. ಉತ್ತರ ಅದೇ ದಾರೀಲಿ ವಾಪಸ್ ಬರುತ್ತೆ. ಹೋಗೋ ದಾರೀಲಿ ಕಡಿದುಹೋದರೆ ಯಾರ ದುಡ್ಡಿಗೂ ಏನೂ ಆಗಲ್ಲ. ಬರೋ ದಾರೀಲಿ ಕಡಿದರೆ ಅಲ್ಲಿ ದುಡ್ಡು ಕಟ್ ಆಗಿರುತ್ತೆ, ಇಲ್ಲಿ ಮಷೀನಿಗೆ ಸುದ್ದಿಯೇ ಇರಲ್ಲ. ಗಲ್ಲಾದಲ್ಲಿ ಕೂತವರ ಕಣ್ಣಿಗೆ ಎರಡೂ ಒಂದೇ ಥರ. ಒಂದು ಬಿಲ್ಲಿಗೆ ಎರಡು ಸಲ ದುಡ್ಡು ಹೋಗೋದು ಬಹುತೇಕ ಇಲ್ಲೇ: ಮೊದಲನೇದು ಆಗಿತ್ತು, ಆಗಿಲ್ಲ ಅಂದುಕೊಂಡು ಇನ್ನೊಂದು ಸಲ ಒತ್ತಿರ್ತಾರೆ.

ಆದ್ದರಿಂದ ಮೊದಲು ಮಷೀನ್‌ನ ಮೆನುವಿನಲ್ಲಿ ಕೊನೆಯ ವ್ಯವಹಾರದ ಡೂಪ್ಲಿಕೇಟ್ ಸ್ಲಿಪ್ ತೆಗೆಯಿರಿ. ಅದರಲ್ಲಿ ಇದೇ ಗಿರಾಕಿಯ ಮೊತ್ತ, ಕಾರ್ಡಿನ ಕೊನೆಯ 4 ಅಂಕಿ, 6 ಅಕ್ಷರದ ಅಪ್ರೂವಲ್ ಕೋಡ್ ಬಂದರೆ ದುಡ್ಡು ಬಂದಿದೆ, ಕಾಗದ ಮಾತ್ರ ಬಂದಿರಲಿಲ್ಲ. ಹಿಂದಿನ ಗಿರಾಕಿಯ ಸ್ಲಿಪ್ಪೇ ಬಂದರೆ ಇವರದು ಮಷೀನ್ ಲೆಕ್ಕಕ್ಕೆ ಸೇರಿಲ್ಲ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಉತ್ತರ ಬಾರದೆ ಹೋದರೆ ಮಷೀನ್ ಒಂದು ರಿವರ್ಸಲ್ ಸಂದೇಶ (ಆ ವ್ಯವಹಾರ ರದ್ದು ಮಾಡಿ ಅನ್ನೋದು) ತಯಾರು ಮಾಡಿ ಇಟ್ಟುಕೊಂಡಿರುತ್ತೆ. ಸಂಪರ್ಕ ಸಿಕ್ಕ ಕೂಡಲೇ ಅಥವಾ ಮುಂದಿನ ವ್ಯವಹಾರಕ್ಕೆ ಮೊದಲು ಅದನ್ನ ಕಳಿಸುತ್ತೆ. ಗಿರಾಕಿಯ ದುಡ್ಡು ಬಿಡುಗಡೆ ಆಗೋದು ಅದರಿಂದ. "ಹಾಳಾಗಿದೆ" ಅಂತ ಬ್ಯಾಟರಿ ಕಿತ್ತು ಡ್ರಾಯರ್‌ಗೆ ಹಾಕಿದರೆ ಆ ಸಂದೇಶ ಅಲ್ಲೇ ಕೂತಿರುತ್ತೆ. ಚಾರ್ಜ್‌ಗೆ ಹಾಕಿ, ಸಿಗ್ನಲ್ ಇರೋ ಕಡೆ ಬಿಡಿ. ಮೆನುವಿನಲ್ಲಿ ರಿವರ್ಸಲ್ ಕ್ಲಿಯರ್ ಮಾಡೋ ಆಯ್ಕೆ ಕಂಡರೆ ಸಪೋರ್ಟ್‌ನವರು ಹೇಳದೆ ಮುಟ್ಟಬೇಡಿ.

ಬಿಲ್_ನಂಬರ್_404

ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಮಷೀನ್ ಜೋಡಿಸಿರುವವರು ಗಮನಿಸಿ. ಮಷೀನ್‌ನಲ್ಲಿ ಅಪ್ರೂವ್ ಆಗಿ, ಕಂಪ್ಯೂಟರ್‌ನಲ್ಲಿ ಬಿಲ್ ಬಾಕಿ ಅಂತ ತೋರಿಸೋದು ಸಾಮಾನ್ಯ. ನಡುವಿನ ಸಂಪರ್ಕ ಕಡಿದಿರುತ್ತೆ ಅಷ್ಟೆ. ಕಂಪ್ಯೂಟರ್ ಮಾತು ನಂಬಿ ಮತ್ತೆ ಸ್ವೈಪ್ ಮಾಡಬೇಡಿ. ಸ್ಲಿಪ್ ಮೇಲೆ ಕೈಯಲ್ಲಿ ಬಿಲ್ ನಂಬರ್ ಬರೆದು, ಬಿಲ್ಲನ್ನು ಕಾರ್ಡ್ ಅಂತ ಕೈಯಾರೆ ಮುಚ್ಚಿ. ಆ ರಾತ್ರಿ ಮಟ್ಟಿಗೆ ಜೋಡಣೆ ತೆಗೆದು, ಮೊತ್ತವನ್ನು ಮಷೀನ್‌ನಲ್ಲೇ ಒತ್ತಿ ನಡೆಸಬಹುದು. ಆಗ 1,480 ಒತ್ತೋ ಕಡೆ 14,800 ಒತ್ತೋ ಅಪಾಯ ಇದೆ, ಪರದೆಯನ್ನ ಗಿರಾಕಿಗೆ ತೋರಿಸಿಯೇ ಪಿನ್ ಕೇಳಿ.

ಗಲ್ಲಾ_560004

ಸರಿ ಸಾರ್. ಕೊನೆಯ ಸ್ಲಿಪ್ ನೋಡಿ ಆಯ್ತು, ಇವರದು ಸೇರಿಲ್ಲ ಅಂತ ಖಾತ್ರಿ ಆಯ್ತು. ಆಮೇಲೆ? ತಪ್ಪು ನಮ್ಮದೋ, ಬ್ಯಾಂಕಿನದೋ, ಕಾರ್ಡಿನದೋ ತಿಳಿಯೋದು ಹೇಗೆ?

ಮಷೀನ್_ಸರ್ವಿಸ್

ಎರಡು ನಿಮಿಷದ ಕೆಲಸ. ಒಂದೇ ಕಾರ್ಡ್ ಹೋಗ್ತಿಲ್ಲ, ಪಕ್ಕದ ಟೇಬಲ್‌ನವರ ಕಾರ್ಡ್ ಹೋಯ್ತು ಅಂದರೆ ತೊಂದರೆ ಆ ಕಾರ್ಡಿನದು ಅಥವಾ ಅದರ ಬ್ಯಾಂಕಿನದು. ಒಂದೇ ಬ್ಯಾಂಕಿನ ಎರಡು ಮೂರು ಕಾರ್ಡ್ ಬಿದ್ದವು, ಬೇರೆಯವು ಹೋದವು ಅಂದರೆ ಆ ಬ್ಯಾಂಕಿನ ಸರ್ವರ್. ಯಾವ ಕಾರ್ಡೂ ಹೋಗ್ತಿಲ್ಲ, ಆದರೆ ಪರದೆ ಮೇಲೆ ಎರಡಂಕಿಯ ಕೋಡ್ ಬರ್ತಿದೆ ಅಂದರೆ ನಿಮ್ಮ ನೆಟ್‌ವರ್ಕ್ ಚೆನ್ನಾಗಿದೆ, ಮೇಲೆ ಎಲ್ಲೋ ಕೆಟ್ಟಿದೆ. ಕೋಡೇ ಬರದೆ ಸುತ್ತಿ ಸುತ್ತಿ "ಕನೆಕ್ಷನ್ ಫೇಲ್ಡ್" ಅಂದರೆ ತೊಂದರೆ ನಿಮ್ಮ ಗೋಡೆಯೊಳಗೆ.

ಸಾಮಾನ್ಯವಾಗಿ ಬರೋ ಕೋಡ್‌ಗಳು: 51 ಅಂದರೆ ಖಾತೆಯಲ್ಲಿ ದುಡ್ಡು ಸಾಲದು. 54, ಕಾರ್ಡಿನ ಅವಧಿ ಮುಗಿದಿದೆ. 55 ತಪ್ಪು ಪಿನ್. 75 ಬಂದರೆ ತಪ್ಪು ಪಿನ್ ಹೊಡೆಯೋ ಅವಕಾಶ ಮುಗೀತು, ಇನ್ನು ಒತ್ತಿ ಪ್ರಯೋಜನ ಇಲ್ಲ. 61, ದಿನದ ಮಿತಿ ದಾಟಿದೆ. 91 ಅಂದರೆ ಗಿರಾಕಿಯ ಬ್ಯಾಂಕ್ ಅಥವಾ ನಡುವಿನ ಸ್ವಿಚ್ ಉತ್ತರಿಸ್ತಿಲ್ಲ. ಹತ್ತು ನಿಮಿಷ ಬಿಟ್ಟು ನೋಡಬಹುದು. 96 ಅಂದರೆ ವ್ಯವಸ್ಥೆಯಲ್ಲೇ ದೋಷ. 05 ಬಂದರೆ ಬ್ಯಾಂಕ್ ಕಾರಣ ಹೇಳದೆ ಬೇಡ ಅಂದಿದೆ, ಬೇರೆ ಕಾರ್ಡ್ ಕೇಳಿ. 57, ಈ ಥರದ ಬಳಕೆಗೆ ಆ ಕಾರ್ಡಿಗೆ ಅನುಮತಿ ಇಲ್ಲ.

51 ಬಂದಾಗ ಅದನ್ನ ಜೋರಾಗಿ ಹೇಳಬೇಡಿ. "ಬ್ಯಾಂಕ್ ಒಪ್ತಿಲ್ಲ ಸಾರ್, ಬೇರೆ ಕಾರ್ಡ್ ಇದೆಯಾ" ಅಂದರೆ ಸಾಕು. ಮನೆಯವರ ಎದುರು ಯಾರ ಮರ್ಯಾದೆಯೂ ಹೋಗಬಾರದು.

ತಟ್ಟಿ_ನೋಡಿ

57ರ ಬಗ್ಗೆ ಸೇರಿಸ್ತೀನಿ. ರಿಸರ್ವ್ ಬ್ಯಾಂಕ್ 2020ರ ಜನವರಿ 15ರ ಸುತ್ತೋಲೆಯಲ್ಲಿ, ಹೊಸ ಕಾರ್ಡ್ ಕೊಡುವಾಗ ಎಟಿಎಂ ಮತ್ತು ಮಷೀನ್‌ಗೆ ತೂರಿಸುವ ಬಳಕೆ ಮಾತ್ರ ಚಾಲೂ ಇರಬೇಕು, ತಟ್ಟಿ ಪಾವತಿಸೋದು, ಆನ್‌ಲೈನ್, ವಿದೇಶಿ ಬಳಕೆ ಇವನ್ನ ಗಿರಾಕಿಯೇ ಆನ್ ಮಾಡಿಕೊಳ್ಳಬೇಕು ಅಂತ ಹೇಳಿದೆ. ತಟ್ಟಿದಾಗ ಹೋಗದ ಕಾರ್ಡ್ ತೂರಿಸಿದರೆ ಹೋಗೋದಕ್ಕೆ ಅದೇ ಕಾರಣ ಇರಬಹುದು. ಪಿನ್ ಇಲ್ಲದೆ ತಟ್ಟೋ ಮಿತಿ 2021ರ ಜನವರಿ 1ರಿಂದ ₹5,000. ಅದಕ್ಕಿಂತ ಹೆಚ್ಚಾದರೆ ಪಿನ್ ಕೇಳುತ್ತೆ, ಕೆಟ್ಟಿದೆ ಅಂತಲ್ಲ.

ಚಿಪ್ ಓದದಿದ್ದರೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಬೆಣ್ಣೆದೋಸೆ ತಿಂದ ಕೈಯಲ್ಲಿ ಕಾರ್ಡ್ ತೆಗೆದರೆ ಚಿಪ್ ಮೇಲೆ ಜಿಡ್ಡು ಕೂರುತ್ತೆ, ಅದು ನಿಮ್ಮ ಮಷೀನ್ ಒಳಗೂ ಹೋಗುತ್ತೆ. ಮೂರು ಸಲ ಚಿಪ್ ಸೋತ ಮೇಲೆ ಕೆಲವು ಮಷೀನ್ ಕಾರ್ಡ್ ಹಿಂದಿನ ಕಪ್ಪು ಪಟ್ಟಿ ಉಜ್ಜಲು ಹೇಳುತ್ತೆ, ಹಲವು ಬ್ಯಾಂಕ್‌ಗಳು ಅದನ್ನ ಒಪ್ಪಲ್ಲ. ಸಮಯ ವ್ಯರ್ಥ.

ವೈಫೈ_ವೈದ್ಯ

ಗೋಡೆಯೊಳಗಿನ ತೊಂದರೆಗೆ ಬರೋಣ. ಬೆಂಗಳೂರಲ್ಲಿ ರಸ್ತೆ ಅಗೆದು ಫೈಬರ್ ಕಡಿಯೋದು ಹೊಸ ವಿಷಯವೇನಲ್ಲ. ಕರೆಂಟ್ ಹೋದಾಗ ಜನರೇಟರ್ ಹತ್ತಿಕೊಳ್ಳೋ ಅರ್ಧ ನಿಮಿಷದಲ್ಲಿ ರೂಟರ್ ಆರಿ, ಮತ್ತೆ ಎದ್ದು ನಿಲ್ಲೋಕೆ ಮೂರು ನಾಲ್ಕು ನಿಮಿಷ ತಗೊಳುತ್ತೆ. ಆ ಹೊತ್ತಲ್ಲೇ ಬಿಲ್ಲುಗಳು ಸಿಕ್ಕಿಹಾಕಿಕೊಳ್ಳೋದು.

ರೂಟರ್ ಏಳೋದನ್ನ ಕಾಯಬೇಡಿ. ಮಷೀನ್‌ನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಆರಿಸಿ ಸಿಮ್‌ಗೆ ಬನ್ನಿ. ತಾನಾಗಿಯೇ ಬದಲಾಗುತ್ತೆ ಅಂತ ಮಾರುವಾಗ ಹೇಳ್ತಾರೆ. ವೈಫೈ ಗೆರೆ ತುಂಬಿದ್ದು ಹಿಂದೆ ಇಂಟರ್ನೆಟ್ ಸತ್ತಿದ್ದರೆ ಎಷ್ಟೋ ಮಷೀನ್ ಬದಲಾಗಲ್ಲ, ಅದಕ್ಕೆ ವೈಫೈ "ಇದೆ" ಅಂತಲೇ ಕಾಣುತ್ತೆ. ನೆಲಮಾಳಿಗೆಯಲ್ಲಿರೋ ಹೋಟೆಲ್ ಮತ್ತು ಪಬ್‌ಗಳಲ್ಲಿ ಸಿಮ್ ಸಿಗ್ನಲ್ ಸಿಗಲ್ಲ; ಅಂಥ ಕಡೆ ಮೆಟ್ಟಿಲ ಹತ್ತಿರ ಸಿಗ್ನಲ್ ಬರೋ ಒಂದು ಜಾಗ ಮೊದಲೇ ನೋಡಿಟ್ಟು, ಮಷೀನನ್ನ ಅಲ್ಲಿಗೇ ಒಯ್ಯಿರಿ. ಮೂರನೇ ದಾರಿ ಮ್ಯಾನೇಜರ್ ಫೋನಿನ ಹಾಟ್‌ಸ್ಪಾಟ್. ಅದರ ಹೆಸರು, ಪಾಸ್‌ವರ್ಡ್ ಮಷೀನ್‌ನಲ್ಲಿ ಇವತ್ತೇ ಉಳಿಸಿಡಿ, ಗಲಾಟೆ ಹೊತ್ತಲ್ಲಿ ಆ ಸಣ್ಣ ಪರದೆ ಮೇಲೆ ಪಾಸ್‌ವರ್ಡ್ ಹೊಡೆಯೋಕೆ ಆಗಲ್ಲ. ಹಳೇ ಮಷೀನ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, ಹಾಟ್‌ಸ್ಪಾಟನ್ನ ಅದಕ್ಕೇ ಇಡಿ. ಮಷೀನ್‌ನ ಸಿಮ್ ಒಂದು ಕಂಪನಿ, ಹಾಟ್‌ಸ್ಪಾಟ್ ಇನ್ನೊಂದು ಕಂಪನಿ ಆಗಿರಲಿ. ಎರಡೂ ಒಂದೇ ಆದರೆ ಎರಡೂ ಒಟ್ಟಿಗೇ ಹೋಗುತ್ತೆ.

ಗಿರಾಕಿಗಳಿಗೆ ಕೊಡೋ ವೈಫೈಗೆ ಮಷೀನ್ ಹಾಕಿದ್ದರೆ ಇವತ್ತೇ ಬೇರೆ ಮಾಡಿ. 60 ಸೀಟಿನವರು ಒಟ್ಟಿಗೆ ಕ್ರಿಕೆಟ್ ನೋಡೋ ರಾತ್ರಿ ನಿಮ್ಮ ಮಷೀನ್‌ಗೆ ಜಾಗ ಸಿಗಲ್ಲ.

ರೂಟರ್‌ಗೆ ಮಿನಿ ಯುಪಿಎಸ್ ಹಾಕಿ, ಎಸ್‌ಪಿ ರೋಡ್‌ನಲ್ಲಿ ಸಿಗುತ್ತೆ. ಕೊಳ್ಳುವಾಗ ಲೆಕ್ಕ ಹೀಗೆ: ಡಬ್ಬದ ಮೇಲೆ 8,800 ಎಂಎಎಚ್ ಅಂತ ಬರೆದಿದ್ದರೆ ಅದು ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ, 12 ವೋಲ್ಟ್‌ನದಲ್ಲ. ಅಂದರೆ ಸುಮಾರು 32 ವ್ಯಾಟ್-ಗಂಟೆ, ಪರಿವರ್ತನೆಯ ನಷ್ಟ ಕಳೆದು ಕೈಗೆ ಸಿಗೋದು 26. ಫೈಬರ್ ಡಬ್ಬಿ ಮತ್ತು ರೂಟರ್ ಸೇರಿ 15 ವ್ಯಾಟ್ ಎಳೆದರೆ ಒಂದೂ ಮುಕ್ಕಾಲು ಗಂಟೆ. ಎರಡಕ್ಕೂ ಯುಪಿಎಸ್ ಬೇಕು. ರೂಟರ್‌ಗೆ ಮಾತ್ರ ಹಾಕಿ ಫೈಬರ್ ಡಬ್ಬಿಯನ್ನ ಗೋಡೆ ಪ್ಲಗ್‌ನಲ್ಲೇ ಬಿಟ್ಟಿರೋದನ್ನ ತುಂಬ ಕಡೆ ಕಾಣಬಹುದು. ಲೈನೇ ಹೋಗಿದ್ದರೆ ಬೆಸ್ಕಾಂ ನಂಬರ್ 1912.

ದರ್ಶಿನಿ_ಕ್ಯೂ

ಇದುವರೆಗೆ ಹೇಳಿದ್ದೆಲ್ಲ ತಿಂದಮೇಲೆ ದುಡ್ಡು ಕೊಡೋ ಹೋಟೆಲ್‌ಗೆ. ದರ್ಶಿನಿಯಲ್ಲಿ ದುಡ್ಡು ಮೊದಲು, ಟೋಕನ್ ಆಮೇಲೆ. ಅಲ್ಲಿ ಬಿಲ್ ಮುಳುಗೋ ಭಯ ಇಲ್ಲ, ಕ್ಯೂ ನಿಲ್ಲೋ ಭಯ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಒಬ್ಬ ಗಿರಾಕಿ ಪಾವತಿ ಆಯ್ತೋ ಇಲ್ಲವೋ ಅಂತ ಫೋನ್ ನೋಡ್ತಾ ನಿಂತರೆ ಹಿಂದಿನ ಇಪ್ಪತ್ತು ಜನ ಪಕ್ಕದ ಹೋಟೆಲ್‌ಗೆ ಹೋಗ್ತಾರೆ. ಮಾಡಬೇಕಾದ್ದು ಒಂದೇ: ಸಿಕ್ಕಿಕೊಂಡವರನ್ನ ಪಕ್ಕಕ್ಕೆ ನಿಲ್ಲಿಸಿ, ನಗದಿನವರಿಗೆ ಬೇರೆ ಸಾಲು ಮಾಡಿ, ಅಲ್ಲೊಬ್ಬರನ್ನ ನಿಲ್ಲಿಸಿ. ₹70ರ ಇಡ್ಲಿ-ಕಾಫಿಗೆ ತನಿಖೆ ಬೇಡ, ಮುಖ ಪರಿಚಯ ಇದ್ದರೆ ಟೋಕನ್ ಕೊಟ್ಟುಬಿಡಿ. ನಾಳೆ ಅದೇ ಹೊತ್ತಿಗೆ ಬಂದೇ ಬರ್ತಾರೆ.

ಬೋರ್ಡ್ ಬಾಗಿಲಲ್ಲಿ ಇರಬೇಕು, ಗಲ್ಲಾದಲ್ಲಲ್ಲ. "ಕಾರ್ಡ್ ಸದ್ಯಕ್ಕೆ ನಡೆಯುತ್ತಿಲ್ಲ. ನಗದು, ಯುಪಿಐ ಇದೆ" ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಮೊದಲೇ ಬರೆಸಿ ಲ್ಯಾಮಿನೇಟ್ ಮಾಡಿಡಿ. ಕೂತು ತಿನ್ನೋ ಹೋಟೆಲ್‌ನಲ್ಲಿ ಆರ್ಡರ್ ತಗೊಳ್ಳೋಕೆ ಮೊದಲೇ ಸಪ್ಲೈಯರ್ ಬಾಯಲ್ಲಿ ಹೇಳಬೇಕು. ತಿಂದಮೇಲೆ ಹೇಳಿದರೆ ಜಗಳ, ಮೊದಲೇ ಹೇಳಿದರೆ ಮಾಹಿತಿ.

ಚಿಲ್ಲರೆ: ಮಾಮೂಲಿ ಗಲ್ಲಾದ ಜೊತೆಗೆ ಬೇರೆ ಒಂದು ಚೀಲದಲ್ಲಿ ₹5,000 ಇರಲಿ. ನೂರರ ನೋಟು 20, ಐವತ್ತರದು 30, ಇಪ್ಪತ್ತರದು 40, ಹತ್ತರದು 50, ಐದರ ನಾಣ್ಯ 30, ಎರಡರದು 15, ಒಂದರದು 20. ಲೆಕ್ಕ ಸರಿಯಾಗಿ ಐದು ಸಾವಿರ ಆಗುತ್ತೆ. ಈಗ ಯುಪಿಐ ಬಂದಮೇಲೆ ಗಲ್ಲಾದಲ್ಲಿ ಚಿಲ್ಲರೆಯೇ ಇರಲ್ಲ, ಮಷೀನ್ ಕೆಟ್ಟ ದಿನ ಎಲ್ಲರೂ ಐನೂರರ ನೋಟು ಹಿಡಿದು ಬರ್ತಾರೆ. ಚಿಲ್ಲರೆ ಬದಲು ಚಾಕಲೇಟ್ ಕೊಡೋ ಅಭ್ಯಾಸ ದಯವಿಟ್ಟು ಬಿಡಿ.

ಬಿಲ್_ನಂಬರ್_404

ಗಲ್ಲಾಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಅಂತಲೂ ಹಾಳೆಯಲ್ಲಿ ಬರೆಯಿರಿ. ಬಿಲ್ ಪ್ರಿಂಟರ್‌ಗೆ ತಂತಿ ಹಾಕಿರೋ ಪೆಟ್ಟಿಗೆ ಬಿಲ್ ಬಂದಾಗ ಮಾತ್ರ ತೆರೆಯುತ್ತೆ. ಕರೆಂಟ್ ಇಲ್ಲದಿದ್ದರೆ ಬೀಗದ ಕೈ ಬೇಕೇ ಬೇಕು, ಅದು ಓನರ್ ಮನೆಯಲ್ಲಿರುತ್ತೆ.

ಎರಡನೇ_ಕ್ಯೂಆರ್

ಕಾರ್ಡ್ ನಿಂತಾಗ ಎಲ್ಲರನ್ನೂ ಯುಪಿಐಗೆ ಕಳಿಸ್ತೀರಿ. ಆಗ ಗಮನಿಸಬೇಕಾದ ಮೂರು ನಾಲ್ಕು ಸೂಕ್ಷ್ಮ ಇದೆ.

ಕಾರ್ಡ್ ಮಷೀನ್ ಪರದೆ ಮೇಲೆ ಬರೋ ಕ್ಯೂಆರ್ ಮಷೀನ್‌ನ ಇಂಟರ್ನೆಟ್ ಮೇಲೆ ನಿಂತಿದೆ. ಮಷೀನ್ ಸತ್ತರೆ ಅದೂ ಸತ್ತಂತೆ. ಕಾಗದದ ಕ್ಯೂಆರ್ ಹಾಗಲ್ಲ, ಅಲ್ಲಿ ಇಂಟರ್ನೆಟ್ ಬೇಕಿರೋದು ಗಿರಾಕಿಯ ಫೋನಿಗೆ. ಆದ್ದರಿಂದ ಅಕ್ರಿಲಿಕ್ ಸ್ಟ್ಯಾಂಡ್ ಅನ್ನ ಎಸೆಯಬೇಡಿ. ಸೌಂಡ್‌ಬಾಕ್ಸ್‌ನಲ್ಲಿ ಬೇರೆ ಸಿಮ್ ಇರುತ್ತೆ. ಅದು ಮಾತಾಡಲಿಲ್ಲ ಅಂದರೆ ದುಡ್ಡು ಬಂದಿಲ್ಲ ಅಂತ ಅರ್ಥ ಅಲ್ಲ, ವ್ಯಾಪಾರಿ ಆಪ್‌ನಲ್ಲಿ 12 ಅಂಕಿಯ ಉಲ್ಲೇಖ ಸಂಖ್ಯೆ ನೋಡಿ. ಗಿರಾಕಿ ತೋರಿಸೋ ಹಸಿರು ಟಿಕ್ ಸಾಕ್ಷಿ ಅಲ್ಲ, ಹಸಿರು ಟಿಕ್ ತೋರಿಸೋಕೆಂದೇ ನಕಲಿ ಆಪ್‌ಗಳಿವೆ.

ಎರಡು ಕ್ಯೂಆರ್ ಇಡಿ, ಆದರೆ ಎರಡರ ಹಿಂದಿನ ಬ್ಯಾಂಕ್ ಬೇರೆ ಬೇರೆ ಇರಲಿ. ಯುಪಿಐ ಐಡಿಯಲ್ಲಿ @ ಚಿಹ್ನೆ ಆದಮೇಲೆ ಬರೋ ಹೆಸರು ನೋಡಿದರೆ ಸುಳಿವು ಸಿಗುತ್ತೆ. ಎರಡು ಬಣ್ಣದ ಸ್ಟಿಕ್ಕರ್, ಹಿಂದೆ ಒಂದೇ ಬ್ಯಾಂಕ್ ಇದ್ದರೆ ಅದು ಒಂದೇ ಕ್ಯೂಆರ್.

ಗಿರಾಕಿಯ ಬ್ಯಾಂಕ್ ಸರ್ವರ್ ನಿಧಾನ ಇದ್ದರೆ ಯುಪಿಐ ಲೈಟ್ ಕೇಳಿ, ಅದು ಯುಪಿಐ ಆಪ್‌ನೊಳಗೆ ಮೊದಲೇ ದುಡ್ಡು ತುಂಬಿಡೋ ಸಣ್ಣ ಪರ್ಸ್. ಒಂದು ಪಾವತಿಗೆ ₹1,000, ಒಟ್ಟು ಜಮೆ ₹5,000ದ ಮಿತಿ, ಪಿನ್ ಬೇಡ, ಪ್ರತಿ ಸಲ ಖಾತೆಯ ಸರ್ವರ್‌ಗೆ ಹೋಗಲ್ಲ. ಗಿರಾಕಿಯ ಡೇಟಾ ಮಾತ್ರ ಇಲ್ಲ ಅಂದರೆ ಇಂಟರ್ನೆಟ್ ಇಲ್ಲದೆ ಡಯಲ್ ಮಾಡಿ ಕಳಿಸೋ *99# ಇದೆ, ನಿಧಾನ ಆದರೂ ನಡೆಯುತ್ತೆ. ಯುಪಿಐ ಜಾಲವೇ ಎಡವಿದ ದಿನ ಇದ್ಯಾವುದೂ ಬರಲ್ಲ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಹಾಗಾಗಿತ್ತು, ಎರಡನೇದು ಶನಿವಾರ. ಅಂಥ ದಿನಕ್ಕೆ ಕಾರ್ಡ್ ಮತ್ತು ನಗದು ಇರಬೇಕು. ಕಾರ್ಡ್ ಮಷೀನ್ ಯಾಕೆ, ಎಲ್ಲರೂ ಯುಪಿಐ ತಾನೆ ಅನ್ನೋ ಓನರ್‌ಗಳಿಗೆ ಈ ಎರಡು ದಿನಾಂಕ ಸಾಕು.

ಬಾಕಿ ಅಂತ ನಿಂತ ಪಾವತಿಯ ಸ್ಥಿತಿಯನ್ನ ಪದೇಪದೇ ಒತ್ತಿ ನೋಡಿ ಲಾಭ ಇಲ್ಲ. 2025ರ ಆಗಸ್ಟ್‌ನಿಂದ ಆ ವಿಚಾರಣೆಗೆ 3 ಸಲದ ಮಿತಿ, ನಡುವೆ 90 ಸೆಕೆಂಡ್ ಅಂತರ ಇದೆ.

ಲೆಕ್ಕದ_ಪುಸ್ತಕ

ಸಪ್ಲೈಯರ್ ನಂಬರ್‌ಗೆ ಕಳಿಸಿ ಅನ್ನೋದು ಬೇಡವೇ ಬೇಡ. ಓನರ್‌ನ ಸ್ವಂತ ಖಾತೆಗೂ ಬೇಡ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು "ನಗದು ಮಾತ್ರ" ಅಂತ ಬರೆದರು. ಅಲ್ಲಿ ಎದ್ದ ದೊಡ್ಡ ತಕರಾರೇ ಸ್ವಂತ ದುಡ್ಡು ಮತ್ತು ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿ ಕಲೆತದ್ದು. ಒಂದು ರಾತ್ರಿಯ ಅನುಕೂಲಕ್ಕೆ ಆ ತಲೆನೋವು ತಂದುಕೊಳ್ಳಬೇಡಿ.

ಕಂಪ್ಯೂಟರ್ ಕೂಡ ಹೋದರೆ ಕೈಬಿಲ್ ಪುಸ್ತಕ. ಅವೆನ್ಯೂ ರೋಡ್‌ನಲ್ಲಿ ಅಚ್ಚು ಹಾಕಿಸಿಟ್ಟುಕೊಳ್ಳಿ: ಹೋಟೆಲ್ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಕ್ರಮಸಂಖ್ಯೆ, ದಿನಾಂಕ, ಸಿಜಿಎಸ್‌ಟಿ 2.5%, ಎಸ್‌ಜಿಎಸ್‌ಟಿ 2.5%. ಕ್ರಮಸಂಖ್ಯೆ 16 ಅಕ್ಷರ ಮೀರಬಾರದು, ಕಂಪ್ಯೂಟರ್ ಬಿಲ್‌ನ ಸಾಲಿಗಿಂತ ಬೇರೆ ಮುಂಗುರುತು ಇರಲಿ, ಇಲ್ಲದಿದ್ದರೆ ಒಂದೇ ನಂಬರ್ ಎರಡು ಸಲ ಬರುತ್ತೆ. ಹಾಲ್ ಬುಕಿಂಗ್ ಇರೋ ಹೋಟೆಲ್‌ನವರು ನೆನಪಿಡಿ, ಕಾರ್ಡ್ ನಡೀತಿಲ್ಲ ಅಂತ ಒಂದೇ ಸಮಾರಂಭಕ್ಕೆ ₹2 ಲಕ್ಷ ಅಥವಾ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. ಆದಾಯ ತೆರಿಗೆಯ ಕಾನೂನು ಬಿಡಲ್ಲ, ಕಂತು ಮಾಡಿ ತಗೊಂಡರೂ ಬಿಡಲ್ಲ.

ಲಿಂಕ್_ಕಳಿಸಿ

ಪೇಮೆಂಟ್ ಲಿಂಕ್ ಯಾರೂ ಹೇಳಲಿಲ್ಲ. ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ತಗೊಂಡು ಕೊಡೋ ಕಂಪನಿ) ಖಾತೆ ಇದ್ದರೆ ಮ್ಯಾನೇಜರ್ ಫೋನಿಂದ ಮೊತ್ತ ಹಾಕಿ ಎಸ್‌ಎಂಎಸ್ ಅಥವಾ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಬಹುದು. ಗಿರಾಕಿ ತನ್ನ ಫೋನಲ್ಲೇ ಕಾರ್ಡ್ ವಿವರ, ಒಟಿಪಿ ಹೊಡೀತಾರೆ. ಸ್ವೈಪಿಂಗ್ ಮಷೀನ್‌ನ ದಾರಿ ಬೇರೆ, ಇದರ ದಾರಿ ಬೇರೆ. ಆರು ಜನರ ಟೇಬಲ್, ₹6,000 ಬಿಲ್, ಜೇಬಲ್ಲಿ ನಗದಿಲ್ಲ ಅಂದಾಗ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಲಿಂಕ್ ಶುಲ್ಕ ಅಂತ ಬಿಲ್ಲಿಗೆ 2% ಸೇರಿಸಬೇಡಿ. ಡೆಬಿಟ್ ಕಾರ್ಡಿನ ಶುಲ್ಕ ಗಿರಾಕಿ ಮೇಲೆ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ.

ಹೊರದೇಶದ ಕಾರ್ಡ್‌ಗೆ ಲಿಂಕ್ ನಡೆಯಬೇಕಾದರೆ ಗೇಟ್‌ವೇಯವರು ನಿಮ್ಮ ಖಾತೆಗೆ ವಿದೇಶಿ ಕಾರ್ಡ್ ಆನ್ ಮಾಡಿರಬೇಕು. ಚರ್ಚ್ ಸ್ಟ್ರೀಟ್, ಇಂದಿರಾನಗರದ ಕಡೆಯವರು ಇದನ್ನ ಮೊದಲೇ ಕೇಳಿ ಮಾಡಿಸಿಕೊಳ್ಳಿ.

ಊಟಕ್ಕೆ_ಬಂದವರು

ಕಾರ್ಡಿನ ನಂಬರ್, ಹಿಂದಿನ ಮೂರಂಕಿ ಬರೆದುಕೊಂಡು ಆಮೇಲೆ ಕಟ್ ಮಾಡ್ತೀವಿ ಅಂದರೆ? ವಿದೇಶಿ ಲೇಖನಗಳಲ್ಲಿ ಆಫ್‌ಲೈನ್ ಮೋಡ್, ಕಾರ್ಡಿನ ಅಚ್ಚು ತೆಗೆಯೋದು ಅಂತೆಲ್ಲ ಬರೀತಾರೆ.

ಮಷೀನ್_ಸರ್ವಿಸ್

ಖಂಡಿತ ಬೇಡ. ಫೋಟೊ ತೆಗೆಯೋದೂ ಬೇಡ. ಮೂರಂಕಿಯ ಸಿವಿವಿಯನ್ನ ವ್ಯಾಪಾರಿ ಉಳಿಸಿಕೊಳ್ಳೋದು ಕಾರ್ಡ್ ಜಾಲಗಳ ಭದ್ರತಾ ನಿಯಮಕ್ಕೆ ನೇರ ವಿರುದ್ಧ, ನಾಳೆ ಆ ಕಾರ್ಡಲ್ಲಿ ಎಲ್ಲಿ ಕಳವಾದರೂ ಬೆರಳು ನಿಮ್ಮ ಕಡೆ ತಿರುಗುತ್ತೆ. ನಮ್ಮಲ್ಲಿ ಪಿನ್ ಸರಿಯೋ ತಪ್ಪೋ ಅಂತ ಹೇಳೋದು ಗಿರಾಕಿಯ ಬ್ಯಾಂಕ್. ಸಂಪರ್ಕ ಇಲ್ಲದೆ ಆ ಉತ್ತರ ಬರಲ್ಲ. ಹಾಗಾಗಿ ಅಮೆರಿಕದ ಹೋಟೆಲ್‌ನಲ್ಲಿ ನಡೆಯೋ ಆಫ್‌ಲೈನ್ ಉಪಾಯವನ್ನ ಇಲ್ಲಿ ನೆಚ್ಚಿಕೊಳ್ಳೋಕೆ ಆಗಲ್ಲ.

ಊಟಕ್ಕೆ_ಬಂದವರು

ಹಾಗಾದರೆ ಗಿರಾಕಿ ಕಡೆಯ ಪ್ರಶ್ನೆ. ನನ್ನ ಫೋನಿಗೆ ₹1,480 ಕಟ್ ಆಯ್ತು ಅಂತ ಮೆಸೇಜ್ ಬಂತು. ನಿಮ್ಮ ಮಷೀನ್ ಆಗಿಲ್ಲ ಅನ್ನುತ್ತೆ. ಇನ್ನೊಂದು ಸಲ ಕೊಡಿ ಅಂತ ಕೇಳೋದು ನ್ಯಾಯವಾ?

ಲೆಕ್ಕದ_ಪುಸ್ತಕ

ನ್ಯಾಯವೇ. ಸ್ಲಿಪ್ ಬಂದಿಲ್ಲ, ಮಷೀನ್ ಲೆಕ್ಕದಲ್ಲಿ ಇಲ್ಲ ಅಂದರೆ ಆ ದುಡ್ಡು ಹೋಟೆಲ್‌ಗೆ ಬಂದಿಲ್ಲ. ಅದು ನಿಮ್ಮ ಬ್ಯಾಂಕಲ್ಲೇ ಸಿಕ್ಕಿಕೊಂಡಿದೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಖಾತೆಯಿಂದ ಕಟ್ ಆಗಿ ಅಂಗಡಿಯಲ್ಲಿ ಸ್ಲಿಪ್ ಬರದಿದ್ದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ರಜೆ ಸೇರಿಸಿ, ಕ್ಯಾಲೆಂಡರ್ ದಿನದ ಲೆಕ್ಕ. ತಡವಾದರೆ ದಿನಕ್ಕೆ ₹100ರಂತೆ ಬ್ಯಾಂಕ್ ಕೊಡಬೇಕು, ಗಿರಾಕಿ ಅರ್ಜಿ ಹಾಕಬೇಕಾಗಿಲ್ಲ. ಅಂಗಡಿಗೆ ಮಾಡಿದ ಯುಪಿಐ ಪಾವತಿಯ ಖಚಿತ ಸಂದೇಶ ಅಂಗಡಿಗೆ ಬಾರದಿದ್ದರೂ ಅದೇ 5 ದಿನ, ಅದೇ ₹100.

ದರ್ಶಿನಿ_ಕ್ಯೂ

ನಿಯಮ ಸರಿ ಸ್ವಾಮಿ. ಆದರೆ ತಿಂಗಳ ಕೊನೆಗೆ ಮಕ್ಕಳನ್ನ ಕರ್ಕೊಂಡು ಬಂದವರ ಖಾತೆಯಿಂದ ಹೋಗಿದೆ, ಇನ್ನೊಂದು ಸಲ ಕೊಡಿ ಅಂತ ಹೇಗೆ ಕೇಳೋದು? ₹1,500ರ ಒಳಗಿನ ಬಿಲ್ ಆದರೆ ಉದ್ರಿ ಬರೆದುಕೊಂಡು ಕಳಿಸಿ ಅಂತ ನನ್ನ ಅಭಿಪ್ರಾಯ.

ಲೆಕ್ಕದ_ಪುಸ್ತಕ

ಉದ್ರಿ ಬರೆಯೋದಾದರೆ ಸರಿಯಾಗಿ ಬರೆಯಿರಿ. ಬಿಲ್ ನಂಬರ್, ಮೊತ್ತ, ಹೊತ್ತು, ಮಷೀನ್‌ನ ಟಿಐಡಿ (ಅದರ ಗುರುತಿನ ಸಂಖ್ಯೆ), ಕಾರ್ಡಿನ ಕೊನೆಯ 4 ಅಂಕಿ, ಫೋನ್ ನಂಬರ್. ಎರಡು ಪ್ರತಿ, ಒಂದು ಗಿರಾಕಿಗೆ. ಮಾರನೇ ದಿನ ಬ್ಯಾಂಕ್‌ನ ಜಮೆ ಪಟ್ಟಿ ನೋಡಿ ನೀವೇ ಫೋನ್ ಮಾಡಿ: ಬಂದಿದ್ದರೆ ಬಂತು ಅನ್ನಿ, ಬಂದಿಲ್ಲದಿದ್ದರೆ ಲಿಂಕ್ ಕಳಿಸಿ. ಗಿರಾಕಿಯ ಫೋನ್, ಲೈಸೆನ್ಸ್ ಒತ್ತೆ ಇಟ್ಟುಕೊಳ್ಳೋದು, ಬಾಗಿಲಲ್ಲಿ ತಡೆಯೋದು ಬೇಡ. ಹಿಟ್ಟು ರುಬ್ಬಿಸೋ ಜೋಕ್ ಜೋಕಾಗಿಯೇ ಇರಲಿ, ಅಕ್ರಮವಾಗಿ ತಡೆದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 126ರ ಅಪರಾಧ ನಿಮ್ಮ ಮೇಲೇ ಬರುತ್ತೆ.

ಎರಡು ಸಲ ಬಂದೇಬಿಟ್ಟಿದ್ದರೆ: ಅದೇ ದಿನ, ಬ್ಯಾಚ್ (ಮಷೀನ್‌ನಲ್ಲಿ ಆ ದಿನದ ಕಾರ್ಡ್ ಲೆಕ್ಕ) ಮುಚ್ಚುವ ಮೊದಲು ಮಷೀನ್‌ನಲ್ಲಿ ವಾಯ್ಡ್ ಮಾಡಿ, ಅಂದರೆ ಆ ವ್ಯವಹಾರ ರದ್ದು ಮಾಡಿ. ಬ್ಯಾಚ್ ಮುಚ್ಚಿದ ಮೇಲೆ ವಾಯ್ಡ್ ಇಲ್ಲ, ರಿಫಂಡ್ ಮಾತ್ರ, ಅದು ಗಿರಾಕಿಗೆ ಸೇರೋಕೆ ದಿನಗಳು ಹಿಡಿಯುತ್ತೆ. ಆದ್ದರಿಂದ ಗೊಂದಲದ ರಾತ್ರಿ ಬ್ಯಾಚ್ ಮುಚ್ಚೋಕೆ ಮೊದಲು ಡೀಟೇಲ್ ರಿಪೋರ್ಟ್ ತೆಗೆದು ಬಿಲ್ಲುಗಳ ಜೊತೆ ತಾಳೆ ಹಾಕಿ. ಒಂದೇ ಮೊತ್ತ, ಒಂದೇ ಕೊನೆಯ 4 ಅಂಕಿ, ಐದು ನಿಮಿಷದ ಅಂತರ ಕಂಡರೆ ಅದೇ ನೀವು ಹುಡುಕ್ತಿರೋದು.

ಮತ್ತೆ, ವಾಪಸ್ ಕೊಡೋದು ಯಾವತ್ತೂ ಅದೇ ಕಾರ್ಡಿಗೆ. ಕನಿಕರಕ್ಕೆ ನಗದು ಕೊಟ್ಟರೆ, ಆಕಡೆ ಬ್ಯಾಂಕೂ ತಕರಾರಿನ ಮೇಲೆ ವಾಪಸ್ ಎಳೆದುಕೊಂಡರೆ, ಎರಡು ಸಲ ಕಳಕೊಳ್ಳೋದು ನೀವು.

ಊಟಕ್ಕೆ_ಬಂದವರು

ಅರ್ಥ ಆಯ್ತು. ಬ್ಯಾಂಕ್ ಸುಮ್ಮನಿದ್ದರೆ?

ಲೆಕ್ಕದ_ಪುಸ್ತಕ

ಮೊದಲು ಬ್ಯಾಂಕಿಗೇ ಲಿಖಿತ ದೂರು, ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಆನ್‌ಲೈನ್‌ನಲ್ಲಿ ಹಾಕಬಹುದು, ಮಾಹಿತಿಗೆ 14448.

ತಟ್ಟಿ_ನೋಡಿ

ಮೋಸದ ಬಗ್ಗೆ ಒಂದು ಮಾತು, ಏಕೆಂದರೆ ಮಷೀನ್ ಕೆಟ್ಟ ಹೊತ್ತೇ ಮೋಸದ ಹೊತ್ತು. ಸಪೋರ್ಟ್ ನಂಬರನ್ನ ಗೂಗಲ್‌ನಲ್ಲಿ ಹುಡುಕಬೇಡಿ, ಮೇಲೆ ಬರೋದು ನಕಲಿ ಇರಬಹುದು. ಮಷೀನ್ ಬೆನ್ನ ಮೇಲಿನ ಸ್ಟಿಕ್ಕರ್‌ನಲ್ಲಿ ಇರೋ ನಂಬರ್ ಮಾತ್ರ. ನಿಜವಾದ ಸಪೋರ್ಟ್‌ನವರು ಟಿಐಡಿ, ಎಂಐಡಿ (ವ್ಯಾಪಾರಿಯ ಗುರುತಿನ ಸಂಖ್ಯೆ) ಕೇಳ್ತಾರೆ, ಒಟಿಪಿ ಕೇಳಲ್ಲ, ಫೋನಿಗೆ ಆಪ್ ಹಾಕಿಸಲ್ಲ. ರಾತ್ರಿ ಮುಚ್ಚುವಾಗ ಪ್ರತಿ ಕ್ಯೂಆರ್‌ಗೆ ₹1 ಕಳಿಸಿ ನಿಮ್ಮ ಹೆಸರೇ ಬರುತ್ತಾ ನೋಡಿ, ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ದುಡ್ಡು ಹೋದರೆ ತಕ್ಷಣ 1930.

ಗಲ್ಲಾ_560004

ಹಾಳೆ ಒಂದಲ್ಲ, ಎರಡು ಆಯ್ತು. ಕೊನೆಯ ಪ್ರಶ್ನೆ: ಮಷೀನ್ "ಅಪ್ರೂವ್ಡ್" ಅನ್ನುತ್ತೆ, ಸ್ಲಿಪ್ ಖಾಲಿ ಬರುತ್ತೆ. ರೋಲ್ ಹೊಸದು.

ಮಷೀನ್_ಸರ್ವಿಸ್

ರೋಲ್ ತಿರುಗುಮುರುಗಾಗಿದೆ. ಥರ್ಮಲ್ ಕಾಗದಕ್ಕೆ ಒಂದೇ ಬದಿ ಮಸಿ ಬರೋದು. ಉಗುರಲ್ಲಿ ಗೀರಿ, ಕಪ್ಪಾಗೋ ಬದಿ ಪ್ರಿಂಟರ್ ತಲೆ ಕಡೆ ಬರಬೇಕು. ಅಗಲ 57 ಮಿಮೀ. ಬಿಲ್ ಪ್ರಿಂಟರ್‌ನ 80 ಮಿಮೀ ರೋಲ್ ಇದಕ್ಕೆ ಹಿಡಿಯಲ್ಲ, 57ರದ್ದರಲ್ಲೇ ದಪ್ಪ ರೋಲ್ ತಂದರೂ ಮುಚ್ಚಳ ಕೂರಲ್ಲ. ಬ್ಯಾಟರಿ ತೀರಾ ಕೆಳಗಿದ್ದರೂ ಪ್ರಿಂಟ್ ಮಸುಕಾಗುತ್ತೆ, ಮೊದಲು ಚಾರ್ಜ್ ನೋಡಿ. ಪರದೆ ಮೇಲೆ "ಟ್ಯಾಂಪರ್" ಅಂತ ಬಂದರೆ ಮಾತ್ರ ಯಾವುದಕ್ಕೂ ಕೈ ಹಾಕಬೇಡಿ, ಮಷೀನ್ ತನ್ನೊಳಗಿನ ಗುಪ್ತ ಭದ್ರತಾ ಕೀಲಿಗಳನ್ನ ಅಳಿಸಿಕೊಂಡಿರುತ್ತೆ, ಬದಲಿ ಮಷೀನೇ ಬೇಕು.

ತಿಂಗಳಿಗೊಮ್ಮೆ ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ, ಹೋಟೆಲ್ ಖಾಲಿ ಇರೋ ಹೊತ್ತಲ್ಲಿ, ರೂಟರ್ ಆರಿಸಿ ಸಿಮ್ ಮೇಲೆ ₹1 ಹೊಡೆದು ವಾಯ್ಡ್ ಮಾಡಿ ನೋಡಿ. ಸಿಮ್‌ನ ರೀಚಾರ್ಜ್ ಮುಗಿದಿರೋದು ಗೊತ್ತಾಗೋದು ಆಗಲೇ.

ಲೆಕ್ಕದ_ಪುಸ್ತಕ

ಸ್ಲಿಪ್‌ಗಳನ್ನ ಕಾಫಿ ಮಷೀನ್ ಪಕ್ಕದ ಡಬ್ಬಿಯಲ್ಲಿ ಇಡಬೇಡಿ, ಬಿಸಿಗೆ ಕಾಗದ ಪೂರ್ತಿ ಕಪ್ಪಾಗುತ್ತೆ. ತಕರಾರಿನ ಸ್ಲಿಪ್ ಇದ್ದರೆ ಅವತ್ತೇ ಫೋಟೊ ತೆಗೆದು, ಜೆರಾಕ್ಸ್ ಮಾಡಿಸಿ ಬಿಲ್ಲಿನ ಹಿಂದೆ ಪಿನ್ ಹೊಡೆದಿಡಿ.